ಬ್ಲೂ ನೋಟ್: ತಟ್ಟೆಯ ಅಂಚಿನಲ್ಲಿ ಉಳಿದ ಲೆಕ್ಕ

ಹಳೆಯ ಜಾಝ್ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುವವರು ತಟ್ಟೆ ಕೈಗೆ ಬಂದೊಡನೆ ಅದನ್ನು ನುಡಿಸುವುದಿಲ್ಲ. ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ. ಗೀರುಗಳ ಪರೀಕ್ಷೆ ಮುಗಿದ ಮೇಲೆ ಅವರ ದೃಷ್ಟಿ ಹೋಗುವುದು ಹಾಡಿನ ಗೆರೆಗಳು ಮುಗಿದು ನಡುವಿನ ಕಾಗದದ ಚೀಟಿ ಆರಂಭವಾಗುವ ಮುನ್ನ ಇರುವ ನುಣುಪಾದ ಕಪ್ಪು ಪಟ್ಟಿಯ ಕಡೆಗೆ. ನ್ಯೂಯಾರ್ಕಿನ ಬ್ಲೂ ನೋಟ್ ಸಂಸ್ಥೆಯು 1950ರ ದಶಕದ ಉತ್ತರಾರ್ಧದಲ್ಲಿ ಹೊರತಂದ ತಟ್ಟೆಯಾದರೆ ಅಲ್ಲಿ ಎರಡು ಗುರುತುಗಳನ್ನು ಹುಡುಕುತ್ತಾರೆ. ಒಂದು, ಧ್ವನಿಮುದ್ರಣ ತಂತ್ರಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ‘ಆರ್‌ವಿಜಿ’ ಎಂಬ ಮೊದಲಕ್ಷರಗಳು. ಇನ್ನೊಂದು, ಕಿವಿಯ ಆಕಾರವನ್ನು ಹೋಲುವ ಒಂದು ‘ಪಿ’ ಅಕ್ಷರ. ಇದು ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದ ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತು. ಈ ಎರಡೂ ಇದ್ದರೆ ತಟ್ಟೆಯ ಬೆಲೆಯೇ ಬೇರೆ. ‘ಪಿ’ ಇಲ್ಲದಿದ್ದರೆ ಅದು ಬಹುಪಾಲು ಸಂಸ್ಥೆ ಕೈ ಬದಲಾದ ನಂತರ ತಯಾರಾದ ಪ್ರತಿ.

ಹೀಗೆ ಕೈ ಬದಲಾದದ್ದು 1965ರಲ್ಲಿ. ಸಂಸ್ಥೆ ನಷ್ಟದಲ್ಲಿ ಮುಳುಗಿ ಮಾರಾಟವಾದುದಲ್ಲ. ಅದರ ಚರಿತ್ರೆಯಲ್ಲೇ ಅತಿ ಹೆಚ್ಚು ಸರಕು ಮಾರಾಟವಾಗುತ್ತಿದ್ದ ಕಾಲದಲ್ಲಿ ಮಾರಾಟವಾದುದು. ಸಂಗೀತದ ಗಂಧವಿಲ್ಲದ ವರ್ತಕರಿಗೂ ಈ ವೃತ್ತಾಂತ ಪರಿಚಿತವೆನಿಸೀತು.

ಎರಡು ದಿನಗಳ ತಾಲೀಮು

ಬ್ಲೂ ನೋಟ್ ಆರಂಭವಾದುದು 1939ರ ಜನವರಿಯಲ್ಲಿ. ಬರ್ಲಿನ್ನಿನಿಂದ ವಲಸೆ ಬಂದಿದ್ದ ಆಲ್ಫ್ರೆಡ್ ಲಯನ್ 1938ರ ಡಿಸೆಂಬರಿನಲ್ಲಿ ಕಾರ್ನೆಗಿ ಹಾಲ್‌ನ ಒಂದು ಕಛೇರಿ ಕೇಳಿ ಮನಸೋತರು. ಎರಡು ವಾರಗಳಲ್ಲಿ ಅಲ್ಲಿ ನುಡಿಸಿದ್ದ ಆಲ್ಬರ್ಟ್ ಆಮನ್ಸ್ ಮತ್ತು ಮೀಡ್ ಲಕ್ಸ್ ಲೂಯಿಸ್ ಎಂಬ ಇಬ್ಬರು ಪಿಯಾನೋ ವಾದಕರನ್ನು ಕರೆಸಿ ಧ್ವನಿಮುದ್ರಣ ಮಾಡಿಸಿಯೇಬಿಟ್ಟರು. ಮೊದಲು ತೆಗೆಸಿದ ಪ್ರತಿಗಳು ಕೆಲವೇ ಹತ್ತುಗಳು. ಬಂಡವಾಳದ ಬಹುಭಾಗ ಮ್ಯಾಕ್ಸ್ ಮಾರ್ಗುಲಿಸ್ ಎಂಬ ಲೇಖಕರದು. ಅದೇ ವರ್ಷ ಲಯನ್ನರ ಬಾಲ್ಯಸ್ನೇಹಿತ, ಛಾಯಾಗ್ರಾಹಕ ಫ್ರಾನ್ಸಿಸ್ ವೋಲ್ಫ್ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ಸೇರಿದರು. ಮುಂದಿನ ಕಾಲು ಶತಮಾನ ಈ ಇಬ್ಬರದೇ ಉದ್ಯಮ: ಲಯನ್ ಕಲಾವಿದರನ್ನೂ ಸಂಗೀತವನ್ನೂ ನೋಡಿಕೊಂಡರೆ, ಲೆಕ್ಕಪತ್ರ ಮತ್ತು ಛಾಯಾಚಿತ್ರ ವೋಲ್ಫ್ ಅವರ ಪಾಲಿನ ಕೆಲಸ.

ಇಷ್ಟು ಚಿಕ್ಕ ಸಂಸ್ಥೆಯ ವೆಚ್ಚಗಳಲ್ಲಿ ಒಂದು ಬಾಬು ಮಾತ್ರ ವಿಚಿತ್ರವಾಗಿತ್ತು. ಧ್ವನಿಮುದ್ರಣಕ್ಕೆ ಮುನ್ನ ನಡೆಯುವ ತಾಲೀಮಿಗೂ ಕಲಾವಿದರಿಗೆ ಸಂಬಳ ಕೊಡಲಾಗುತ್ತಿತ್ತು. ಜಾಝ್ ಸಂಗೀತದಲ್ಲಿ ಒಂದು ಸ್ವರರಚನೆಯನ್ನು ಎಲ್ಲರೂ ಕೂಡಿ ನುಡಿಸಿ, ಆನಂತರ ಒಬ್ಬೊಬ್ಬರೂ ಅದರ ಆಧಾರದ ಮೇಲೆ ಮನೋಧರ್ಮದಿಂದ ವಿಸ್ತರಿಸುತ್ತಾರೆ. ಸ್ಥಳದಲ್ಲೇ ಹುಟ್ಟುವ ಸಂಗೀತಕ್ಕೆ ತಾಲೀಮು ಏಕೆ ಎಂದು ಕೇಳಬಹುದು. ಕೂಡಿ ನುಡಿಸುವ ಭಾಗ ಬಿಗಿಯಾಗಿದ್ದರೆ ಮನೋಧರ್ಮಕ್ಕೆ ಧೈರ್ಯ ಬರುತ್ತದೆ ಎಂಬುದೇ ಉತ್ತರ. ಪ್ರತಿಸ್ಪರ್ಧಿಯಾಗಿದ್ದ ಪ್ರೆಸ್ಟೀಜ್ ಸಂಸ್ಥೆ ಬಳಸುತ್ತಿದ್ದುದೂ ಬಹುಪಾಲು ಅದೇ ಕಲಾವಿದರನ್ನು, ಅದೇ ವ್ಯಾನ್ ಗೆಲ್ಡರ್ ಅವರನ್ನು. ಎರಡಕ್ಕೂ ಇರುವ ವ್ಯತ್ಯಾಸ ಎರಡು ದಿನಗಳ ತಾಲೀಮು ಎಂಬ ಮಾತು ಆ ವಲಯದಲ್ಲಿ ಪ್ರಸಿದ್ಧವಾಗಿದೆ.

ಉಳಿದೆಡೆ ಮಿತವ್ಯಯವೇ ನಿಯಮ. ವ್ಯಾನ್ ಗೆಲ್ಡರ್ ವೃತ್ತಿಯಿಂದ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರು. ಹ್ಯಾಕೆನ್‌ಸ್ಯಾಕ್ ಊರಿನಲ್ಲಿದ್ದ ತಂದೆತಾಯಿಯ ಮನೆಯ ನಡುಕೋಣೆಯೇ ಅವರ ಧ್ವನಿಮುದ್ರಣಾಲಯ. 1959ರಲ್ಲಷ್ಟೇ ಅವರು ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಕಟ್ಟಡ ಕಟ್ಟಿಸಿದ್ದು. ರೀಡ್ ಮೈಲ್ಸ್ ರಚಿಸಿದ ಹೊರಕವಚಗಳಲ್ಲಿ ಅನೇಕವು ಕಪ್ಪು ಮತ್ತು ಇನ್ನೊಂದೇ ಬಣ್ಣದಲ್ಲಿವೆ. ಮುದ್ರಣದ ಖರ್ಚು ಉಳಿಸಲು ಒಪ್ಪಿಕೊಂಡ ಈ ಕಟ್ಟುಪಾಡೇ ಇಂದು ವಿನ್ಯಾಸದ ಪಾಠವಾಗಿದೆ. ಮೈಲ್ಸ್ ಅವರಿಗೆ ಜಾಝ್ ಬಗ್ಗೆ ವಿಶೇಷ ಒಲವೇನೂ ಇರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ.

ಮಾರಾಟ ಹೆಚ್ಚಿತು, ನಗದು ಬರಲಿಲ್ಲ

1963ರ ಡಿಸೆಂಬರಿನಲ್ಲಿ ಟ್ರಂಪೆಟ್ ವಾದಕ ಲೀ ಮಾರ್ಗನ್ ‘ದಿ ಸೈಡ್‌ವೈಂಡರ್’ ಎಂಬ ಆಲ್ಬಮ್ ಮುದ್ರಿಸಿದರು. 1964ರಲ್ಲಿ ಅದು ಹೊರಬಂದಾಗ ಅಚ್ಚಾದದ್ದು 4,000 ಪ್ರತಿಗಳು. ಮೂರು ನಾಲ್ಕು ದಿನಗಳಲ್ಲಿ ಅಂಗಡಿಗಳು ಖಾಲಿಯಾದವು. ಆಲ್ಬಮ್ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ 25ನೆಯ ಸ್ಥಾನಕ್ಕೇರಿತು. ಬೆನ್ನಹಿಂದೆಯೇ ಹೊರೇಸ್ ಸಿಲ್ವರ್ ಅವರ ‘ಸಾಂಗ್ ಫಾರ್ ಮೈ ಫಾದರ್’ ಕೂಡ ಜನಪ್ರಿಯವಾಯಿತು.

ಇಲ್ಲಿಂದಲೇ ತೊಂದರೆ ಮೊದಲಾಯಿತು. ಅಚ್ಚಿನ ಕಾರ್ಖಾನೆಗೂ ಕವಚದ ಮುದ್ರಕರಿಗೂ ಹಣ ಒಡನೆ ಕೊಡಬೇಕು. ವಿತರಕರು ಕೊಡುವುದು ತಿಂಗಳುಗಳ ನಂತರ. ತಿಂಗಳಿಗೆ 1 ಲಕ್ಷ ರೂಪಾಯಿ ವೆಚ್ಚದ ಸರಕನ್ನು ಮೂರು ತಿಂಗಳ ಉದ್ರಿಗೆ ಕೊಡುವ ತಯಾರಕನೊಬ್ಬನನ್ನು ಊಹಿಸಿಕೊಳ್ಳೋಣ. ಅವನ 3 ಲಕ್ಷ ಸದಾ ಹೊರಗಿರುತ್ತದೆ. ಬೇಡಿಕೆ ಹತ್ತು ಪಟ್ಟಾದರೆ 30 ಲಕ್ಷ ಹೊರಗಿರಬೇಕಾಗುತ್ತದೆ. ಲಾಭನಷ್ಟದ ತಃಖ್ತೆಯಲ್ಲಿ ಲಾಭ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಾರ್ಖಾನೆಯ ಬಿಲ್ಲನ್ನು ತಃಖ್ತೆಯ ಲಾಭದಿಂದ ತೀರಿಸಲಾಗದು. ಹಿಂದಿನ ಬಾಕಿ ವಸೂಲಾಗಬೇಕಾದರೆ ವಿತರಕರಿಗೆ ಇನ್ನೊಂದು ಬಿಸಿಬಿಸಿ ಸರಕು ಒದಗಿಸಬೇಕು. ಅದೂ ‘ಸೈಡ್‌ವೈಂಡರ್’ ಮಾದರಿಯದೇ ಆಗಬೇಕು ಎಂಬ ಒತ್ತಡ ಬೇರೆ. ಆ ಕಾಲದ ಹಲವು ಬ್ಲೂ ನೋಟ್ ಆಲ್ಬಮ್‌ಗಳು ಅದೇ ಧಾಟಿಯ ರಚನೆಯೊಂದರಿಂದ ಆರಂಭವಾಗುವುದು ಆಕಸ್ಮಿಕವಲ್ಲ. ಎರಡು ದಿನದ ತಾಲೀಮಿನ ವೆಚ್ಚ ಸಂಸ್ಥೆಯನ್ನು ಎಂದೂ ಕಾಡಲಿಲ್ಲ; ಕಾಡಿದ್ದು ವಸೂಲಾಗದ ಬಾಕಿ.

ದಣಿದಿದ್ದ ಲಯನ್ ಸಂಸ್ಥೆಯನ್ನು ಲಿಬರ್ಟಿ ರೆಕಾರ್ಡ್ಸ್‌ಗೆ ಮಾರಿದರು. 1967ರಲ್ಲಿ ಆರೋಗ್ಯ ಕೆಟ್ಟು ನಿವೃತ್ತರಾದರು. ವೋಲ್ಫ್ 1971ರಲ್ಲಿ ತೀರಿಕೊಳ್ಳುವವರೆಗೆ ದುಡಿದರು.

ಉಗ್ರಾಣದಲ್ಲಿ ಉಳಿದ ದಾಸ್ತಾನು

ಲಯನ್ ಮುದ್ರಿಸಿದ್ದನ್ನೆಲ್ಲ ಬಿಡುಗಡೆ ಮಾಡಿರಲಿಲ್ಲ. ಮನಸ್ಸಿಗೆ ಒಪ್ಪದ್ದನ್ನೂ, ಮಾರುಕಟ್ಟೆಯಲ್ಲಿ ಜಾಗ ಸಿಗದ್ದನ್ನೂ ಬದಿಗಿಟ್ಟಿದ್ದರು. 1975ರಿಂದ ಮೈಕೆಲ್ ಕಸ್ಕೂನಾ ಎಂಬ ನಿರ್ಮಾಪಕರು ಆ ಟೇಪುಗಳನ್ನು ಒಂದೊಂದಾಗಿ ಹೊರತೆಗೆದು, ಕಲಾವಿದರನ್ನೇ ವಿಚಾರಿಸಿ, ಯಾರು ಯಾವಾಗ ನುಡಿಸಿದ್ದೆಂದು ಪಟ್ಟಿ ಮಾಡಿದರು. ಯಾರ ಆಸ್ತಿ ಪಟ್ಟಿಯಲ್ಲೂ ಬೆಲೆ ಕಾಣದಿದ್ದ ದಾಸ್ತಾನದು. ಅವರು ಚಾರ್ಲಿ ಲೂರಿಯೊಡನೆ ಸ್ಥಾಪಿಸಿದ ಮೊಸೈಕ್ ಸಂಸ್ಥೆ 1983ರಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ ಅವರ ಬ್ಲೂ ನೋಟ್ ಮುದ್ರಣಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ, ಕ್ರಮಸಂಖ್ಯೆ ಹಾಕಿದ 7,500 ಪ್ರತಿಗಳಿಗೆ ಸೀಮಿತಗೊಳಿಸಿ, ಅಂಚೆಯ ಮೂಲಕ ಮಾರಿತು. ವಿತರಕರಿಲ್ಲ, ಉದ್ರಿಯೂ ಇಲ್ಲ. 1985ರಲ್ಲಿ ಬ್ಲೂ ನೋಟ್ ಮತ್ತೆ ಚಾಲನೆಗೊಂಡಾಗ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ನಡೆದ ಕಛೇರಿಗೆ ವೃದ್ಧ ಲಯನ್ ಬಂದಿದ್ದರು. ಎರಡು ವರ್ಷಗಳ ನಂತರ ನಿಧನರಾದರು.

ಎಲ್‌ಪಿಯೋ, ಸಿ.ಡಿ.ಯೋ?

ಇದು ಸಂಗ್ರಾಹಕರ ಮುಗಿಯದ ವ್ಯಾಜ್ಯ. ಅಮೆರಿಕದಲ್ಲಿ 2020ರಲ್ಲಿ ಎಲ್‌ಪಿ ಮಾರಾಟದ ಮೊತ್ತ ಸಿ.ಡಿ. ಮಾರಾಟದ ಮೊತ್ತವನ್ನು ಮೀರಿತು. 1986ರ ನಂತರ ಹಾಗಾದದ್ದು ಅದೇ ಮೊದಲು. ಆದರೆ ಮಾರುಕಟ್ಟೆಯ ತೀರ್ಪು ಕಿವಿಯ ತೀರ್ಪಾಗಬೇಕಿಲ್ಲ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಸಾಗಿದರೆ, ಒಳಗಿನ ಕೊನೆಯಲ್ಲಿ ಸಾಗುವುದು ಅದರ ಅರ್ಧಕ್ಕಿಂತ ಕಡಿಮೆ. ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಧ್ವನಿ ತುಸು ಒರಟಾಗುವುದು ಇದರಿಂದ. ಸಿ.ಡಿ.ಯಲ್ಲಿ ಈ ತೊಡಕಿಲ್ಲ. ಎಲ್‌ಪಿ ಪೂಜಕರು ದೇವರೆಂದು ಭಾವಿಸುವ ವ್ಯಾನ್ ಗೆಲ್ಡರ್ ಅವರೇ ಡಿಜಿಟಲ್ ತಂತ್ರವನ್ನು ಸಂತೋಷದಿಂದ ಸ್ವಾಗತಿಸಿದವರು. 1990ರ ದಶಕದ ಕೊನೆಯಿಂದ ತಮ್ಮ ಹಳೆಯ ಟೇಪುಗಳನ್ನು ತಾವೇ ಸಿ.ಡಿ.ಗಾಗಿ ಸಿದ್ಧಪಡಿಸಿಕೊಟ್ಟರು. ಅವರು 2016ರಲ್ಲಿ ತೀರಿಕೊಂಡರು.

ಬೇರೊಂದು ಸಂಸ್ಥೆಯ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮನ್ನು ಕೊಲಂಬಿಯಾ ಸಂಸ್ಥೆ 1959ರಲ್ಲಿ ಹೊರತಂದಿತು. ಮಾರ್ಚ್ 2ರಂದು ಮೊದಲ ಬದಿಯ ಮೂರು ರಚನೆಗಳನ್ನು ಮುದ್ರಿಸಿಕೊಂಡ ಯಂತ್ರ ಸ್ವಲ್ಪ ನಿಧಾನವಾಗಿ ತಿರುಗುತ್ತಿತ್ತು. ಆದ್ದರಿಂದ ತಟ್ಟೆಯಲ್ಲಿ ಅವು ತುಸು ವೇಗವಾಗಿ, ಹೆಚ್ಚಿದ ಶ್ರುತಿಯಲ್ಲಿ ಕೇಳಿಬಂದವು. ಜೊತೆಗಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು. ಅದನ್ನು ಬಳಸಿ ದೋಷ ತಿದ್ದಿದ್ದು 1992ರ ಸಿ.ಡಿ.ಯಲ್ಲಿ. ಅಸಲು ಪ್ರತಿಗೆ ದುಬಾರಿ ಬೆಲೆ ತೆರುವವರು ಕೊಳ್ಳುತ್ತಿರುವುದು ತಪ್ಪು ಶ್ರುತಿಯನ್ನು. ಅವರಿಗೆ ಅದು ಗೊತ್ತಿದೆ, ಆದರೂ ಕೊಳ್ಳುತ್ತಾರೆ.

ಹಾಗೆ ನೋಡಿದರೆ ಅಸಲು ಪ್ರತಿಯ ವ್ಯಾಪಾರ ಸಂಗೀತದ್ದಲ್ಲ, ಗುರುತುಗಳದು. ಸ್ಯಾಕ್ಸೊಫೋನ್ ವಾದಕ ಹ್ಯಾಂಕ್ ಮೊಬ್ಲಿ ಅವರ 1568 ಸಂಖ್ಯೆಯ ಬ್ಲೂ ನೋಟ್ ತಟ್ಟೆಗೆ ಹಲವು ಸಾವಿರ ಡಾಲರ್ ಕೊಡುವವರಿದ್ದಾರೆ. ಅದರ ಒಂದು ಬದಿಯ ಚೀಟಿಯಲ್ಲಿ ವಿಳಾಸ ‘ನ್ಯೂಯಾರ್ಕ್ 23’ ಎಂದೂ ಇನ್ನೊಂದು ಬದಿಯಲ್ಲಿ ‘ಎನ್‌ವೈಸಿ’ ಎಂದೂ ಇರಬೇಕಂತೆ. ಹಳೆಯ ಚೀಟಿಗಳ ದಾಸ್ತಾನು ಮುಗಿಯುವವರೆಗೆ ಬಳಸುವುದು ಮಿತವ್ಯಯದ ಸಂಸ್ಥೆಗೆ ಸಹಜ. ಅದೇ ಈಗ ಕಲೆಕ್ಟರುಗಳಿಗೆ ವೇದ.

ಹೊಸದಾಗಿ ಆರಂಭಿಸುವವರು ಈ ಗೋಜಿಗೆ ಹೋಗಬೇಕಿಲ್ಲ. ಜಾನ್ ಕೋಲ್ಟ್ರೇನ್ 1957ರ ಸೆಪ್ಟೆಂಬರ್ 15ರಂದು ಹ್ಯಾಕೆನ್‌ಸ್ಯಾಕ್‌ನ ಅದೇ ನಡುಕೋಣೆಯಲ್ಲಿ ಮುದ್ರಿಸಿದ ‘ಬ್ಲೂ ಟ್ರೇನ್’ ಸಿ.ಡಿ.ಯಲ್ಲಿ ಸಿಗುತ್ತದೆ. ಅದರಲ್ಲಿ ಟ್ರಂಪೆಟ್ ನುಡಿಸಿದ ಲೀ ಮಾರ್ಗನ್‌ಗೆ ಆಗ ವಯಸ್ಸು 19. ಎಲ್‌ಪಿಯೇ ಬೇಕೆನ್ನುವವರಿಗೆ, ಮೂಲ ಟೇಪುಗಳಿಂದ ಕೆವಿನ್ ಗ್ರೇ ಕೊರೆದು ಸಿದ್ಧಪಡಿಸುವ, 2019ರಲ್ಲಿ ಆರಂಭವಾದ ‘ಟೋನ್ ಪೊಯೆಟ್’ ಮಾಲೆಯ ತಟ್ಟೆಗಳಿವೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು. ಬಿಸಿಲು ತಾಗಿದರೆ ಸೊಟ್ಟಗಾಗುತ್ತವೆ. ತೇವಕ್ಕೆ ಕವಚಗಳಲ್ಲಿ ಬೂಷ್ಟು ಹಿಡಿಯುತ್ತದೆ.

ನಮ್ಮ ಸಂಗೀತದ ಕಡೆಯಿಂದ ಜಾಝ್‌ಗೆ ಹೋಗಬಯಸುವವರು ಹುಡುಕಬಹುದಾದ ತಟ್ಟೆಯೂ ಒಂದಿದೆ. ನಾಗಸ್ವರವನ್ನೂ ಅಭ್ಯಾಸ ಮಾಡಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ನುಡಿಸಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಹೊರಬಂದಿತು. ಅದರಲ್ಲಿ ಹಾಡಿರುವವರು ಆರ್.ಎ. ರಮಾಮಣಿ.