ಸಾಲ ಮಾಡದೆ ದ್ವೀಪಕ್ಕೆ ಹೋಗೋದು ಹೇಗೆ? ಜಿಡಗಾದಿಂದ ಒಂದು ಹನಿಮೂನ್ ಲೆಕ್ಕ

ಬರುವ ಫೆಬ್ರವರಿಯಲ್ಲಿ ನನ್ನ ಮದುವೆ. ನಮ್ಮ ಆಳಂದ ತಾಲೂಕಿನ ಕಡೆ ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೇ ಮದುವೆ ಮಾತು. ಜಿಡಗಾದ ಮನೆಯಲ್ಲಿ ಮಂಟಪ, ಬ್ಯಾಂಡು, ಬಂಗಾರದ ಲೆಕ್ಕ ನಡೆದಿರುವಾಗ ನಾನೂ ನನ್ನ ಹುಡುಗನೂ ಇನ್ನೊಂದು ಲೆಕ್ಕ ಹಾಕುತ್ತಿದ್ದೇವೆ. ಇಬ್ಬರೂ ಸಮುದ್ರ ನೋಡಿಲ್ಲ. ನೋಡಬೇಕು, ಅದೂ ದ್ವೀಪದಲ್ಲಿ ನಿಂತು ನೋಡಬೇಕು ಅಂತ ಆಸೆ.

"ಸಮುದ್ರದಾಗ ಏನ್ ಅದ, ನೀರೇ ಅಲ್ಲೇನು? ಆ ರೊಕ್ಕದಾಗ ಅರ್ಧ ತೊಲಿ ಬಂಗಾರ ಬರ್ತದ" ಅಂತ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಅನ್ನುತ್ತಲೇ ಇದ್ದಾರೆ. ಮಾತಿನಲ್ಲಿ ತಪ್ಪೇನಿಲ್ಲ. ಬಂಗಾರ ಕಷ್ಟಕಾಲಕ್ಕೆ ಆಗುತ್ತೆ, ಪ್ರವಾಸ ಆಗಲ್ಲ. ಆದರೆ ಮದುವೆ ಖರ್ಚಿನಲ್ಲಿ ಮದುವೆಯಾಗುವ ಇಬ್ಬರೇ ಕೂತು ತೀರ್ಮಾನ ಮಾಡುವ ಬಾಬ್ತು ಎಷ್ಟಿದೆ ಹೇಳಿ? ಊಟದ ಮೆನುವಿನಿಂದ ಸೀರೆಯ ಬಣ್ಣದವರೆಗೆ ಎಲ್ಲವನ್ನೂ ಬೇರೆಯವರೇ ನಿರ್ಧರಿಸುತ್ತಾರೆ. ಇದೊಂದು ನಮ್ಮದಾಗಿರಲಿ ಅಂತ ಹಟ.

ನಾನು ಕಲಬುರಗಿಯಲ್ಲಿ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು. ಅವನು ಅತಿಥಿ ಉಪನ್ಯಾಸಕ. ಅತಿಥಿ ಉಪನ್ಯಾಸಕರ ಸಂಬಳದ ಕತೆ ಈ ಪುಟ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮೂರು ನಿಯಮ ಮಾಡಿಕೊಂಡೆವು. ಒಂದು, ಸಾಲ ಇಲ್ಲ, ಇಎಂಐ ಇಲ್ಲ. ತಿಂಗಳಿಗೆ ತಲಾ ನಾಲ್ಕು ಸಾವಿರದಂತೆ ಹತ್ತು ತಿಂಗಳು ಬ್ಯಾಂಕಿನ ಆರ್‌ಡಿಗೆ ಕಟ್ಟಿದರೆ ಬರುವ 80 ಸಾವಿರವೇ ಬಜೆಟ್. ಎರಡು, ಕೋಣೆಯಲ್ಲಿ ಕೂರುವ ಹನಿಮೂನ್ ಅಲ್ಲ. ಈಜಬೇಕು, ನಡೀಬೇಕು, ಸೈಕಲ್ ತುಳೀಬೇಕು. ಮೂರು, ಆದಷ್ಟೂ ಸಾರ್ವಜನಿಕ ಸಾರಿಗೆ, ಸ್ಥಳೀಯರ ಕೈಗೆ ಹೋಗುವ ದುಡ್ಡು.

ಲೆಕ್ಕ ಹಾಕುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ದ್ವೀಪದ ಪ್ರವಾಸವನ್ನು ದುಬಾರಿ ಮಾಡುವುದರಲ್ಲಿ ಸಮುದ್ರದ ಪಾತ್ರ ಕಡಿಮೆ. ಅಲ್ಲಿಗೆ ಮುಟ್ಟಿಸುವ ಬಸ್ಸು, ರೈಲು, ದೋಣಿ ಯಾರ ಕೈಯಲ್ಲಿದೆ ಅನ್ನೋದೇ ಮುಖ್ಯ.

ಯಾವ ದ್ವೀಪ?

ಗೆಳತಿಯರ ಮೊದಲ ಸಲಹೆ ಮಾಲ್ಡೀವ್ಸ್. ಭಾರತೀಯರಿಗೆ ಅಲ್ಲಿ ಇಳಿದ ಮೇಲೇ ವೀಸಾ ಸಿಗುತ್ತದೆ, ಅದು ನಿಜ. ಆದರೆ ಇನ್‌ಸ್ಟಾಗ್ರಾಂನಲ್ಲಿ ಕಾಣುವ ಮಾಲ್ಡೀವ್ಸ್ ಅಂದರೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಕೋಣೆ, ಊಟ, ಅಲ್ಲಿಗೆ ಹೋಗುವ ಸ್ಪೀಡ್‌ಬೋಟು ಎಲ್ಲವೂ ಒಬ್ಬರದೇ, ದರವೂ ಡಾಲರ್‌ನಲ್ಲಿ. ಜನ ವಾಸಿಸುವ ದ್ವೀಪಗಳಲ್ಲಿ ಕಡಿಮೆ ದರದ ಗೆಸ್ಟ್‌ಹೌಸ್, ಸಾರ್ವಜನಿಕ ದೋಣಿ ಇವೆ. ಆದರೂ ಪಾಸ್‌ಪೋರ್ಟ್, ವಿಮಾನ ಸೇರಿಸಿದರೆ ನಮ್ಮ ಲೆಕ್ಕ ಮೀರುತ್ತದೆ.

ಎರಡನೆಯದು ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಸ್ನಾರ್ಕೆಲಿಂಗ್ ಮಾಡಿದ ಫೋಟೊ ಬಂದ ಮೇಲೆ, ಮಾಲ್ಡೀವ್ಸ್ ಬಿಟ್ಟು ಅಲ್ಲಿಗೆ ಹೋಗಿ ಅನ್ನೋದು ದೇಶಭಕ್ತಿಯ ಮಾತಾಯಿತು. ನಮ್ಮ ನಾಡಿಗೂ ಅದಕ್ಕೂ ಹಳೆಯ ನಂಟಿದೆ: ಕಡಮತ್, ಅಮಿನಿ ಮೊದಲಾದ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ಆಗಿನ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಆದರೆ ಇವತ್ತು ಹೋಗಬೇಕಾದರೆ ಪ್ರವೇಶ ಪರವಾನಗಿ ಬೇಕು, ಹಡಗು ಹೊರಡುವುದು ಕೊಚ್ಚಿಯಿಂದ. ಜನವಸತಿ ಇರುವ ಹತ್ತು ದ್ವೀಪಗಳ ಒಟ್ಟು ಜನಸಂಖ್ಯೆ 2011ರ ಜನಗಣತಿಯಂತೆ 64,473. ಅಷ್ಟು ಚಿಕ್ಕ ಜಾಗಕ್ಕೆ ನಿಯಂತ್ರಣ ಇರೋದು ಸರಿಯೇ. 2021ರಲ್ಲಿ ಆಡಳಿತಾಧಿಕಾರಿಯ ಕರಡು ನಿಯಮಗಳ ವಿರುದ್ಧ ದ್ವೀಪವಾಸಿಗಳು ದನಿ ಎತ್ತಿದ್ದೂ ತಮ್ಮ ನೆಲ ತಮ್ಮ ಕೈಯಲ್ಲೇ ಉಳಿಯಲಿ ಅಂತ. ರಜೆ ಕಡಿಮೆ ಇರುವ ನಮಗೆ ಈ ಪರವಾನಗಿ ಮತ್ತು ಹಡಗಿನ ದಿನಾಂಕ ಹೊಂದಿಸುವುದು ಕಷ್ಟ ಅನ್ನಿಸಿತು.

ಉಳಿದದ್ದು ಅಂಡಮಾನ್. ಪ್ರವಾಸಿಗರು ಸಾಮಾನ್ಯವಾಗಿ ಹೋಗುವ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಡ, ದ್ವೀಪಗಳ ನಡುವೆ ಸರ್ಕಾರಿ ದೋಣಿ ಓಡುತ್ತವೆ, ಫೆಬ್ರವರಿಯಲ್ಲಿ ಸಮುದ್ರವೂ ಶಾಂತ. ಹುಡುಕುವಾಗ ಹಳೆಯ, ಹೊಸ ಹೆಸರು ಎರಡೂ ಗೊತ್ತಿರಲಿ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯ ಪುರಂ. ಹ್ಯಾವ್‌ಲಾಕ್ ಮತ್ತು ನೀಲ್ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ.

80 ಸಾವಿರ ಎಲ್ಲೆಲ್ಲಿ?

ಇದು ಇಬ್ಬರಿಗೆ, ಏಳು ರಾತ್ರಿಗೆ ನಾವು ಇಟ್ಟುಕೊಂಡ ಅಂದಾಜು. ದರಗಳು ಸೀಸನ್ನಿನ ಮೇಲೆ ಹೆಚ್ಚುಕಡಿಮೆ ಆಗುತ್ತವೆ.

- ಊರಿನಿಂದ ಕಲಬುರಗಿಗೆ ಬಸ್ಸು, ಅಲ್ಲಿಂದ ಚೆನ್ನೈಗೆ ರೈಲು, ಹೋಗಿ ಬರಲು: 6,000
- ಚೆನ್ನೈ–ಶ್ರೀ ವಿಜಯ ಪುರಂ ವಿಮಾನ, ಹೋಗಿ ಬರಲು: 24,000
- ವಸತಿ, ದಿನಕ್ಕೆ 2,000ದಂತೆ: 14,000
- ದ್ವೀಪಗಳ ನಡುವಿನ ದೋಣಿ, ಮೂರು ಪ್ರಯಾಣ: 4,000
- ಊಟ, ಚಹಾ: 10,000
- ಸ್ಕೂಬಾ, ಸ್ನಾರ್ಕೆಲಿಂಗ್, ಸೈಕಲ್ ಬಾಡಿಗೆ: 12,000
- ಲೋಕಲ್ ಬಸ್ಸು, ಆಟೊ, ಪ್ರವೇಶ ಶುಲ್ಕ: 3,000
- ಮುಟ್ಟದೆ ಇಡುವ ಹಣ: 7,000

ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಬರೀ ಮುಟ್ಟುವುದಕ್ಕೇ ಹೋಗುತ್ತದೆ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು, ಆದರೆ ಅಂಡಮಾನ್‌ಗೆ ಅಲ್ಲಿಂದ ನೇರ ದಾರಿ ಇಲ್ಲ. ನಮ್ಮ ಪುಣ್ಯಕ್ಕೆ ಕಲಬುರಗಿ ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿದೆ. ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ, ಅಂದರೆ ಫೆಬ್ರವರಿಗೆ ಡಿಸೆಂಬರ್‌ನಲ್ಲೇ ಕೂರಬೇಕು. ಹೈದರಾಬಾದ್ ನಮಗೆ ಇನ್ನೂ ಹತ್ತಿರ. ಅಲ್ಲಿಂದಲೂ ವಿಮಾನದ ದರ ನೋಡಿ, ರೈಲಿನ ಖರ್ಚು ಸೇರಿಸಿ ಹೋಲಿಸಿ.

ಚೆನ್ನೈನಿಂದ ಸರ್ಕಾರಿ ಹಡಗೂ ಇದೆ. ವಿಮಾನಕ್ಕಿಂತ ಬಹಳ ಅಗ್ಗ, ಆದರೆ ಒಂದು ಕಡೆಗೇ ಸುಮಾರು ಮೂರು ದಿನ. ತಿಂಗಳಿಗೆ ಕೆಲವೇ ಸಲ ಹೊರಡುತ್ತದೆ. ಹತ್ತು ದಿನದ ರಜೆಗೇ ಬಾಸ್ ಮುಖ ನೋಡಬೇಕಾದವರಿಗೆ ಅದು ಕೈಗೆಟುಕಲ್ಲ. ಬಡವರ ಹತ್ತಿರ ದುಡ್ಡಿಲ್ಲ ಅಂತೀವಿ, ಅವರ ಹತ್ತಿರ ಸಮಯವೂ ಇಲ್ಲ ಅನ್ನೋದನ್ನ ಮರೀತೀವಿ.

ದೋಣಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಹ್ಯಾವ್‌ಲಾಕ್‌ಗೆ ಖಾಸಗಿ ದೋಣಿ ಒಂದೂವರೆ ಗಂಟೆಯಲ್ಲಿ ಹೋಗುತ್ತದೆ, ಸರ್ಕಾರಿ ದೋಣಿ ಎರಡು–ಎರಡೂವರೆ ಗಂಟೆ. ಆ ಒಂದು ಗಂಟೆ ಉಳಿಸಲು ಎರಡು ಪಟ್ಟಿಗೂ ಹೆಚ್ಚು ಕೊಡಬೇಕು. ಸರ್ಕಾರಿ ಟಿಕೆಟ್ ಕೆಲವೇ ದಿನ ಮೊದಲು ತೆರೆಯುತ್ತದೆ, ದ್ವೀಪವಾಸಿಗಳಿಗೆ ಆದ್ಯತೆ. ಅವರಿಗೆ ಅದು ಆಸ್ಪತ್ರೆ, ಕಾಲೇಜು, ಸಂತೆಗೆ ಹೋಗುವ ಬಸ್ಸು ಇದ್ದ ಹಾಗೆ. ಸಿಗದಿದ್ದರೆ ಬೇಜಾರಾಗಬೇಡಿ, ಆ 7,000 ಇರೋದು ಅದಕ್ಕೇ.

ದಿನಗಳನ್ನು ಹೊಂದಿಸುವುದು

ಫೆಬ್ರವರಿಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂವರೆ ಹೊತ್ತಿಗೆ, ಕಲಬುರಗಿಗಿಂತ ಸುಮಾರು ಒಂದು ಗಂಟೆ ಮೊದಲು. ಗಡಿಯಾರ ಒಂದೇ, ಸೂರ್ಯ ಬೇರೆ. ಒಂಬತ್ತಕ್ಕೆ ಎದ್ದರೆ ಅರ್ಧ ದಿನ ಕಳೆದಂತೆ.

ಮೊದಲ ದಿನ ಶ್ರೀ ವಿಜಯ ಪುರಂನಲ್ಲಿ ಸೆಲ್ಯುಲರ್ ಜೈಲು. 1906ರಲ್ಲಿ ಮುಗಿದ ಆ ಕಟ್ಟಡದ ಏಳು ಭುಜಗಳಲ್ಲಿ ಈಗ ಉಳಿದಿರುವುದು ಮೂರು. ಎರಡನೇ ದಿನ ಹ್ಯಾವ್‌ಲಾಕ್, ಅಲ್ಲಿ ಮೂರು ರಾತ್ರಿ. ಒಂದು ಬೆಳಿಗ್ಗೆ ಸ್ಕೂಬಾ, ಸಂಜೆ ರಾಧಾನಗರ ಕಡಲತೀರದಲ್ಲಿ ನಡಿಗೆ. ಇನ್ನೊಂದು ದಿನ ಕಾಡಿನ ಹಾದಿಯಲ್ಲಿ ನಡೆದು ಎಲಿಫೆಂಟ್ ಬೀಚ್. ಹಾದಿ ತೆರೆದಿದೆಯಾ ಅಂತ ಹಿಂದಿನ ದಿನವೇ ಕೇಳಿ. ಆ ದ್ವೀಪದ ಬಹಳಷ್ಟು ಕುಟುಂಬಗಳು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರದು, ನಮ್ಮ ಸಿಂಧನೂರಿನ ಬಂಗಾಳಿ ಕ್ಯಾಂಪ್‌ಗಳ ಹಾಗೆ. ಅವರು ನಡೆಸುವ ಚಿಕ್ಕ ಹೋಟೆಲ್‌ಗಳಲ್ಲಿ ಅನ್ನ, ಬೇಳೆ, ಮೀನು ಸಿಗುತ್ತೆ. ರೆಸಾರ್ಟಿನ ಬಫೆಗಿಂತ ಅಗ್ಗ, ದುಡ್ಡೂ ಊರಲ್ಲೇ ಉಳಿಯುತ್ತೆ.

ಐದನೇ ದಿನ ನೀಲ್, ಅಲ್ಲಿ ಎರಡು ರಾತ್ರಿ. ಬಹುತೇಕ ಸಪಾಟಾದ ಚಿಕ್ಕ ದ್ವೀಪ, ಸೈಕಲ್ ಮೇಲೇ ಸುತ್ತಬಹುದು: ಭರತಪುರ, ಲಕ್ಷ್ಮಣಪುರ, ಸೀತಾಪುರ ತೀರಗಳು. ಏಳನೇ ದಿನ ವಾಪಸ್ ಶ್ರೀ ವಿಜಯ ಪುರಂ. ವಿಮಾನದ ದಿನವೇ ದೋಣಿ ಹತ್ತುವ ಲೆಕ್ಕ ಬೇಡ. ಗಾಳಿ ಎದ್ದರೆ ದೋಣಿ ನಿಲ್ಲುತ್ತೆ. ಸ್ಕೂಬಾ ಮಾಡಿದ ಮೇಲೆ ಕನಿಷ್ಠ 18ರಿಂದ 24 ಗಂಟೆ ವಿಮಾನ ಹತ್ತಬಾರದು ಅನ್ನುವುದೂ ನೆನಪಿರಲಿ. ಅದಕ್ಕೇ ಸ್ಕೂಬಾ ಮೊದಲಿಗೆ, ಸೈಕಲ್ ಕೊನೆಗೆ.

ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ದೊಡ್ಡದು ನೀರಿಗಿಳಿಯುವುದೇ. ನಮ್ಮ ಕಡೆ ಹುಡುಗರು ಬಾವಿಯಲ್ಲಿ, ಹಳ್ಳದಲ್ಲಿ ಬಿದ್ದೆದ್ದು ಈಜು ಕಲಿಯುತ್ತಾರೆ. ಹುಡುಗಿಯರ ಪಾಲಿಗೆ ಬಾವಿ ಅಂದರೆ ಕೊಡ ಮತ್ತು ಬಟ್ಟೆ. ಅವನು ಎಂಟು ವರ್ಷಕ್ಕೇ ಈಜು ಕಲಿತವನು, ನಾನು ಈಗ ಕಲಬುರಗಿಯಲ್ಲಿ ಕಲಿಯುತ್ತಿದ್ದೇನೆ. ಮೊದಲ ಸಲದ ಸ್ಕೂಬಾಗೆ ಈಜು ಬರಲೇಬೇಕೆಂದಿಲ್ಲ. ತರಬೇತುದಾರರು ಜೊತೆಗೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ. ಆದರೆ ಅಸ್ತಮಾ, ಹೃದಯ, ಕಿವಿಯ ತೊಂದರೆ ಇದ್ದರೆ ಮುಚ್ಚಿಡಬೇಡಿ, ಗರ್ಭಿಣಿಯರು ಮಾಡುವಂತಿಲ್ಲ. ಬಟ್ಟೆಯ ಚಿಂತೆಯೂ ಬೇಡ, ಉದ್ದ ತೋಳಿನ ಈಜುಡುಗೆ, ಲೆಗ್ಗಿಂಗ್ಸ್ ಸಾಕು, ಬಿಸಿಲಿಗೂ ಅದೇ ಒಳ್ಳೆಯದು. ಕೆಲವು ತೀರಗಳಲ್ಲಿ ಮೊಸಳೆಯ ಎಚ್ಚರಿಕೆ ಫಲಕಗಳಿವೆ. ಜೀವರಕ್ಷಕರು ಬೇಡ ಅಂದ ಕಡೆ ಇಳಿಯಬೇಡಿ.

ಮಾಡದೇ ಇರುವುದು

ಪ್ಯಾಕೇಜ್‌ಗಳಲ್ಲಿ ಬಾರಾಟಾಂಗ್ ಸುಣ್ಣಕಲ್ಲಿನ ಗುಹೆ ಅಂತ ಒಂದು ದಿನ ಇರುತ್ತೆ. ಅಂಡಮಾನ್ ಟ್ರಂಕ್ ರಸ್ತೆಯ ಮೂಲಕ ಹೋದರೆ ಜಾರವಾ ಬುಡಕಟ್ಟಿನ ಕಾಡನ್ನು ಹಾಯಬೇಕು. ಜಾರವಾ ಮಹಿಳೆಯರನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೊವನ್ನು 2012ರಲ್ಲಿ ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆ ಬಯಲಿಗೆ ತಂದಿತ್ತು. ಅವರನ್ನು ರಕ್ಷಿಸಲು 1956ರಿಂದಲೇ ಕಾನೂನು ಇದೆ, ಫೋಟೊ ತೆಗೆಯುವುದು ಅಪರಾಧ. ಫೋಟೊ ತೆಗೆಯದೆ ಹೋದರೂ ಆ ವಾಹನಗಳ ಸಾಲಿನಲ್ಲಿ ನಾವೊಬ್ಬರಾಗುತ್ತೇವೆ. ಆ ದಿನವನ್ನು ನಾವು ಚಿಡಿಯಾ ಟಾಪುವಿನ ನಡಿಗೆಗೆ ಇಟ್ಟಿದ್ದೇವೆ.

ಹವಳವನ್ನು ಮುಟ್ಟಬೇಡಿ, ಸತ್ತ ಚೂರನ್ನೂ ತರಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ನೀರನ್ನು ಹಿಡಿದು ಬಳಸಿ. ಶ್ರೀ ವಿಜಯ ಪುರಂಗೆ ಮುಖ್ಯ ನೀರಿನ ಮೂಲ ಧನಿಕರಿ ಅಣೆಕಟ್ಟು, ಬೇಸಿಗೆ ಏರುತ್ತಿದ್ದಂತೆ ಅಲ್ಲಿ ನೀರಿಗೆ ತತ್ವಾರ. ಬರ ಕಂಡ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ.

80 ಸಾವಿರವೂ ಹೆಚ್ಚಾಯಿತೇ?

ಹಾಗಾದರೆ ರಾಜ್ಯ ದಾಟಬೇಡಿ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ಹತ್ತಿರ ಸ್ಕೂಬಾ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪ. ಎರಡನೆಯದರ ಕಂಬದಂಥ ಲಾವಾ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ಮಾತ್ರ ಎರಡೂ ಬಂದ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಡತಿಯ ಟಿಕೆಟ್ ಶೂನ್ಯ. ಸ್ಲೀಪರ್, ಎಸಿಗೆ ಅನ್ವಯಿಸಲ್ಲ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿಕೊಂಡು ಹೋದರೆ ಐದು ರಾತ್ರಿಗೆ, ಸ್ಕೂಬಾ ಸೇರಿ, 25 ಸಾವಿರದ ಆಸುಪಾಸಿನಲ್ಲಿ ಮುಗಿಸಬಹುದು ಅನ್ನೋದು ನಮ್ಮ ಲೆಕ್ಕ. ಗಂಡನ ಪ್ರಯಾಣಕ್ಕಷ್ಟೇ ದುಡ್ಡು ಕೊಡುವ ಹನಿಮೂನ್, ನಮ್ಮ ಅಜ್ಜಿಯರಿಗೆ ಹೇಳಿದರೆ ನಕ್ಕಾರು.

ಬಿಟ್ಟಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಸುಮ್ಮನೆ ತಿರುಗುತ್ತಾರೆ ಅಂತ ಗೇಲಿ ಮಾಡುವವರಿದ್ದಾರೆ. ಕೇಂದ್ರ ಸರ್ಕಾರಿ ನೌಕರರು ಎಲ್‌ಟಿಸಿಯಲ್ಲಿ ವಿಮಾನ ಹತ್ತಿ ಅಂಡಮಾನ್‌ಗೆ ಹೋಗಬಹುದು, ಅದನ್ನು ಯಾರೂ ಗೇಲಿ ಮಾಡಲ್ಲ, ಮಾಡಲೂಬಾರದು. ದುಡಿಯುವವರಿಗೆ ತಿರುಗಾಟ ಬೇಕು ಅಂತ ಸರ್ಕಾರ ಒಪ್ಪಿಕೊಂಡಿದೆ ಅಂತಲೇ ಅದರ ಅರ್ಥ. ತೊಗರಿ ಕೊಯ್ಯುವವಳೂ ದುಡಿಯುವವಳೇ. ಸುಮ್ಮನೆ ತಿರುಗುವುದು ಅವಳ ಹಕ್ಕೂ ಹೌದು.

ಮದುವೆ ನಿಶ್ಚಯವಾಗಿರುವವರು ಇವತ್ತೇ ಒಂದು ಕೆಲಸ ಮಾಡಿ. ಮನೆಯವರು ಬರೆದ ಖರ್ಚಿನ ಪಟ್ಟಿಯ ಕೊನೆಗೆ "ಪ್ರಯಾಣ" ಅಂತ ಒಂದು ಸಾಲು ಸೇರಿಸಿ. ಮೊತ್ತ ಐದು ಸಾವಿರವಿರಲಿ, ಐವತ್ತು ಸಾವಿರವಿರಲಿ, ಅದನ್ನು ಇಬ್ಬರೂ ಕೂತು ಬರೆಯಿರಿ.