ಮಣ್ಣಿನ ಪಾತ್ರೆಯ ಮರುಹುಟ್ಟು

ಮಣ್ಣು, ನೀರು, ಬೆಂಕಿ - ಈ ಮೂರನ್ನು ಒಂದುಗೂಡಿಸಿ ಪಾತ್ರೆ ಮಾಡುವ ವಿದ್ಯೆಯನ್ನು ಮಾನವನು ಲೋಹವನ್ನು ಕರಗಿಸಲು ಕಲಿಯುವುದಕ್ಕೆ ಬಹು ಮೊದಲೇ ಅರಿತಿದ್ದನು. ಜಪಾನಿನಲ್ಲಿ ಹತ್ತು ಸಾವಿರ ವರ್ಷಗಳಿಗೂ ಹಿಂದಿನ ಮಡಕೆಯ ಚೂರುಗಳು ದೊರೆತಿವೆ. ಧಾನ್ಯವನ್ನು ಕೂಡಿಡಲು, ನೀರನ್ನು ತುಂಬಿಡಲು, ಅಡುಗೆಯನ್ನು ಬೇಯಿಸಲು ಮಣ್ಣಿನ ಪಾತ್ರೆಯೇ ಆಧಾರವಾಗಿತ್ತು. ಆದುದರಿಂದ ಜಗತ್ತಿನ ಅನೇಕ ನಾಡುಗಳಲ್ಲಿ ಊರಿದ್ದೆಡೆಯಲ್ಲಿ ಕುಂಬಾರನೂ ಇದ್ದನು. ಅವನು ತಾನು ಮಾಡಿದ ಪಾತ್ರೆಯ ಮೇಲೆ ಹೆಸರನ್ನು ಬರೆಯಲಿಲ್ಲ; ತನ್ನನ್ನು ಕಲಾವಿದನೆಂದು ಕರೆದುಕೊಳ್ಳಲೂ ಇಲ್ಲ.

ಯಂತ್ರಯುಗವು ಈ ಸ್ಥಿತಿಯನ್ನು ಬದಲಿಸಿತು. ಇಂಗ್ಲೆಂಡಿನಲ್ಲಿ ಜೊಸಾಯ ವೆಜ್‌ವುಡ್ ಅವರು 1769ರಲ್ಲಿ ಎಟ್ರೂರಿಯ ಎಂಬ ಕಾರ್ಖಾನೆಯನ್ನು ತೆರೆದರು. ಅಲ್ಲಿ ಮಣ್ಣನ್ನು ಹದಗೊಳಿಸುವವನೊಬ್ಬ, ಆಕಾರ ಕೊಡುವವನೊಬ್ಬ, ಹಿಡಿ ಅಂಟಿಸುವವನೊಬ್ಬ, ಬಣ್ಣ ಬರೆಯುವವನು ಮತ್ತೊಬ್ಬ. ಇಂಥ ಕಾರ್ಖಾನೆಗಳಿಂದ ಅಚ್ಚುಕಟ್ಟಾದ ಪಾತ್ರೆಗಳು ಅಗ್ಗವಾಗಿ ದೊರೆತವು. ಆದರೆ ಒಂದು ಪಾತ್ರೆಯನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲ ಕೈಗಳು ವಿರಳವಾದವು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಅನೇಕ ಆವಿಗೆಗಳು ಆರಿಹೋಗಿದ್ದವು.

ಆ ಬೆಂಕಿಯನ್ನು ಮತ್ತೆ ಹೊತ್ತಿಸಿದವರಲ್ಲಿ ಬರ್ನಾರ್ಡ್ ಲೀಚ್ ಪ್ರಮುಖರು. ಹಾಂಗ್‌ಕಾಂಗಿನಲ್ಲಿ 1887ರಲ್ಲಿ ಜನಿಸಿದ ಅವರು ಚಿತ್ರಕಲೆಯನ್ನು ಕಲಿತು 1909ರಲ್ಲಿ ಜಪಾನಿಗೆ ಹೋದರು. 1911ರಲ್ಲಿ ಟೋಕಿಯೋದ ಒಂದು ಸ್ನೇಹಕೂಟದಲ್ಲಿ ಅತಿಥಿಗಳು ಮಣ್ಣಿನ ಪಾತ್ರೆಗಳ ಮೇಲೆ ಚಿತ್ರ ಬರೆದರು. ಆ ಪಾತ್ರೆಗಳನ್ನು ಅಲ್ಲಿಯೇ ಪುಟ್ಟ ಒಲೆಯಲ್ಲಿ ಸುಟ್ಟು ತೆಗೆಯಲಾಯಿತು. ತಾನು ಬರೆದ ಚಿತ್ರ ಬೆಂಕಿಯಲ್ಲಿ ಮಿಂದು ಹೊಳೆಯುತ್ತ ಬಂದುದನ್ನು ಕಂಡ ಲೀಚರ ಬಾಳಿನ ದಿಕ್ಕೇ ಬದಲಾಯಿತು. ಅವರು ಕೆಂಜಾನ್ ಪರಂಪರೆಯ ಕುಂಬಾರ ಗುರುವೊಬ್ಬರಲ್ಲಿ ಶಿಷ್ಯರಾದರು. 1920ರಲ್ಲಿ ಹಮಾದಾ ಶೋಜಿ ಎಂಬ ತರುಣ ಮಿತ್ರನೊಡನೆ ಇಂಗ್ಲೆಂಡಿಗೆ ಮರಳಿ, ಕಡಲ ತೀರದ ಸೇಂಟ್ ಐವ್ಸ್ ಪಟ್ಟಣದಲ್ಲಿ ಕುಂಬಾರಶಾಲೆಯನ್ನು ಸ್ಥಾಪಿಸಿದರು.

ಆರಂಭದ ದಿನಗಳು ಸುಲಭವಾಗಿರಲಿಲ್ಲ. ಜಪಾನಿನ ಮಾದರಿಯ, ಮೆಟ್ಟಿಲುಮೆಟ್ಟಿಲಾಗಿ ಏರುವ ಆವಿಗೆಯನ್ನು ಅವರು ಕಟ್ಟಿದರು. ಆದರೆ ಆ ಪ್ರದೇಶದಲ್ಲಿ ಸೌದೆ ದುರ್ಲಭ. ಕೊಳ್ಳುವವರೂ ಕಡಮೆ. ಅಪರೂಪದ ಹೂಜಿಯೊಂದನ್ನು ಹೆಚ್ಚಿನ ಬೆಲೆಗೆ ಕೊಂಡು ಕಪಾಟಿನಲ್ಲಿಡುವ ರಸಿಕರಿದ್ದರು. ಆದರೆ ಪಾತ್ರೆಯು ದಿನದಿನವೂ ಊಟದ ಮೇಜಿನ ಮೇಲಿರಬೇಕೆಂಬುದು ಲೀಚರ ಆಶಯ. 1940ರ ದಶಕದಲ್ಲಿ ಅವರ ಶಾಲೆಯು ಬಟ್ಟಲು, ತಟ್ಟೆ, ಹೂಜಿ ಮೊದಲಾದ ನಿತ್ಯೋಪಯೋಗಿ ಪಾತ್ರೆಗಳನ್ನು ಗೊತ್ತಾದ ಮಾದರಿಗಳಲ್ಲಿ ಕೈಯಿಂದಲೇ ತಯಾರಿಸಿ, ಸಾಮಾನ್ಯರ ಕೈಗೆಟುಕುವ ಬೆಲೆಗೆ ಮಾರತೊಡಗಿತು. ಹೀಗೆ ಕಾರ್ಖಾನೆಯ ಹಂಗಿಲ್ಲದೆ ಸ್ವಂತ ಕಾರ್ಯಾಗಾರದಲ್ಲಿ ಒಬ್ಬರಾಗಿಯೋ ಕೆಲವರು ಕೂಡಿಯೋ ಪಾತ್ರೆಯ ಎಲ್ಲ ಹಂತಗಳನ್ನೂ ನಿರ್ವಹಿಸುವವರಿಗೆ ‘ಸ್ಟುಡಿಯೊ ಕುಂಬಾರರು’ ಎಂಬ ಹೆಸರು ಬಂದಿತು.

ಬಳಕೆಯ ಪಾತ್ರೆಯನ್ನು ಮಾಡುವುದು ಅಲಂಕಾರದ ವಸ್ತುವನ್ನು ಮಾಡುವುದಕ್ಕಿಂತ ಸುಲಭವೆಂದು ತಿಳಿಯಬಾರದು. ಹೂಜಿಯ ಮೂತಿಯಿಂದ ನೀರು ಧಾರೆಯಾಗಿ ಸುರಿಯಬೇಕು. ಸುರಿದು ನಿಲ್ಲಿಸಿದಾಗ ಒಂದು ಹನಿಯೂ ಕೆಳಗಿಳಿಯಬಾರದು. ಹಿಡಿಯು ಬೆರಳುಗಳಿಗೆ ಹೊಂದಬೇಕು. ತುಂಬಿದ ಹೂಜಿಯ ಭಾರವನ್ನು ತಾಳಬೇಕು. ಮಣ್ಣು ಒಣಗುವಾಗಲೂ ಸುಡುವಾಗಲೂ ಒಟ್ಟಿನಲ್ಲಿ ಸುಮಾರು ಹತ್ತನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಆದುದರಿಂದ ಮುಚ್ಚಳವನ್ನೂ ಪಾತ್ರೆಯನ್ನೂ ಒಂದೇ ಮಣ್ಣಿನಿಂದ ಮಾಡಿ, ಒಂದೇ ಹದದಲ್ಲಿ ಒಣಗಿಸದಿದ್ದರೆ ಅವು ಒಂದಕ್ಕೊಂದು ಕೂಡುವುದಿಲ್ಲ. ತಿಗುರಿಯ ನಡುವೆ ಮಣ್ಣಿನ ಮುದ್ದೆಯನ್ನು ಅಲುಗದಂತೆ ನಿಲ್ಲಿಸುವ ಒಂದು ಕೆಲಸವನ್ನು ಕಲಿಯುವುದಕ್ಕೇ ಹೊಸಬನಿಗೆ ವಾರಗಳು ಬೇಕು.

ಬೆಂಕಿಯ ಕೆಲಸ ಇನ್ನೂ ಸೂಕ್ಷ್ಮವಾದುದು. ಹಳ್ಳಿಯ ಮಡಕೆ ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆ ಶಾಖದಲ್ಲಿ ಬೇಯುತ್ತದೆ. ಅದರ ಮೈಯಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ಜಿನುಗಿದ ನೀರು ಆವಿಯಾಗುವುದರಿಂದಲೇ ಮಡಕೆಯ ನೀರು ತಂಪಾಗಿರುತ್ತದೆ. ಸ್ಟುಡಿಯೊ ಕುಂಬಾರರು ಹೆಚ್ಚಾಗಿ ಬಳಸುವ ಸ್ಟೋನ್‌ವೇರ್ ಮಣ್ಣನ್ನಾದರೋ ಸುಮಾರು 1250ರಿಂದ 1300 ಡಿಗ್ರಿಯವರೆಗೆ ಕಾಯಿಸಬೇಕು. ಆಗ ಮಣ್ಣಿನ ಕಣಗಳು ಬೆಸೆದುಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತವೆ, ನೀರು ಜಿನುಗುವುದಿಲ್ಲ. ಸೌದೆಯ ಬೂದಿಯನ್ನು ಕಲ್ಲಿನ ಪುಡಿಯೊಡನೆ ಕಲಸಿ ಲೇಪಿಸಿದರೆ ಅದು ಕರಗಿ, ಗಾಜಿನಂಥ ಮೆರುಗಾಗಿ ಅಂಟಿಕೊಳ್ಳುತ್ತದೆ. ಒಲೆಯ ಬೂದಿಯೂ ಚೆಲುವಾಗಬಲ್ಲದೆಂಬುದನ್ನು ಕುಂಬಾರನು ಬಲ್ಲನು.

ಲೀಚರೊಡನೆ ಬಂದಿದ್ದ ಹಮಾದಾ 1923ರಲ್ಲಿ ಜಪಾನಿಗೆ ಹಿಂದಿರುಗಿ, ಮುಂದೆ ಮಾಶಿಕೊ ಎಂಬ ಹಳ್ಳಿಯಲ್ಲಿ ನೆಲಸಿದರು. ಅದು ಅಡುಗೆಮನೆಯ ಪಾತ್ರೆಗಳಿಗೆ ಹೆಸರಾದ ಊರು. ಅಲ್ಲಿ ಮಿನಗಾವಾ ಮಾಸು ಎಂಬ ಮಹಿಳೆ ಒಂದೇ ಬಗೆಯ ಚಿತ್ರಗಳನ್ನು ದಿನಕ್ಕೆ ನೂರಾರು ಚಹಾಪಾತ್ರೆಗಳ ಮೇಲೆ ಬರೆಯುತ್ತಿದ್ದರು. ಇಂಥವರ ಕೈಕೆಲಸದಲ್ಲಿಯೇ ನಿಜವಾದ ಸೌಂದರ್ಯವಿದೆ ಎಂದು ಸಾರಿದವರು ಲೀಚ್ ಮತ್ತು ಹಮಾದಾರ ಮಿತ್ರರಾದ ಯಾನಗಿ ಸೋಯೆತ್ಸು. ಜನಸಾಮಾನ್ಯರ ಕುಶಲಕಲೆ ಎಂಬ ಅರ್ಥದ ‘ಮಿಂಗೆಯಿ’ ಎಂಬ ಪದ 1925ರಲ್ಲಿ ಹುಟ್ಟಿತು. 1936ರಲ್ಲಿ ಟೋಕಿಯೋದಲ್ಲಿ ಇಂಥ ವಸ್ತುಗಳಿಗಾಗಿಯೇ ಒಂದು ಸಂಗ್ರಹಾಲಯ ತೆರೆಯಿತು. ಹಮಾದಾ ಮಾಶಿಕೊದಲ್ಲಿ ಮಾಡಿದ ಪಾತ್ರೆಗಳ ಮೇಲೆ ತಮ್ಮ ಹೆಸರನ್ನು ಬರೆಯುತ್ತಿರಲಿಲ್ಲ. ಆದರೂ 1955ರಲ್ಲಿ ಜಪಾನ್ ಸರ್ಕಾರ ಅವರನ್ನು ‘ಜೀವಂತ ರಾಷ್ಟ್ರನಿಧಿ’ ಎಂದು ಗೌರವಿಸಿತು. ಹೆಸರಿಲ್ಲದ ಆ ಪಾತ್ರೆಗಳು ದುಬಾರಿಯಾದವು. ಸಾಮಾನ್ಯರಿಗೆಂದು ಮಾಡಿದುದು ಸಾಮಾನ್ಯರ ಕೈಗೆ ನಿಲುಕದಾಗುವ ಈ ತೊಡಕು ಸ್ಟುಡಿಯೊ ಕುಂಬಾರರನ್ನು ಇಂದಿಗೂ ಬಿಟ್ಟಿಲ್ಲ.

ಈ ಪರಂಪರೆ ಬೇರೆ ನಾಡುಗಳಿಗೂ ಹರಡಿತು. ಲೀಚರ ಶಿಷ್ಯರಾದ ಮೈಕೆಲ್ ಕಾರ್ಡ್ಯೂ ಅವರು 1950ರ ದಶಕದ ಆರಂಭದಲ್ಲಿ ನೈಜೀರಿಯದ ಅಬುಜದಲ್ಲಿ ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ತಿಗುರಿಯಿಲ್ಲದೆ ಕೈಯಿಂದಲೇ ದೊಡ್ಡ ಹರವಿಗಳನ್ನು ರೂಪಿಸುವ ವಿದ್ಯೆಯನ್ನು ಬಾಲ್ಯದಲ್ಲಿಯೇ ಕಲಿತಿದ್ದ ಲಾಡಿ ಕ್ವಾಲಿ ಎಂಬ ಮಹಿಳೆ 1954ರಲ್ಲಿ ಆ ಕೇಂದ್ರವನ್ನು ಸೇರಿದರು. ಮುಂದೆ ನೈಜೀರಿಯದ 20 ನೈರಾ ನೋಟಿನ ಮೇಲೆ ಅವರ ಚಿತ್ರ ಅಚ್ಚಾಯಿತು.

ಭಾರತದಲ್ಲಿ ಈ ಮಾರ್ಗದ ಹಿರಿಯರು ಸರ್ದಾರ್ ಗುರುಚರಣ್ ಸಿಂಗ್. ಅವರು ದೆಹಲಿಯ ಪಠಾಣ ಕುಂಬಾರರಿಂದ ನೀಲಿ ಮೆರುಗಿನ ವಿದ್ಯೆಯನ್ನು ಅರಿತರು. ತಾರುಣ್ಯದಲ್ಲಿ ಜಪಾನಿಗೆ ಹೋಗಿ ಅಲ್ಲಿ ಲೀಚ್, ಹಮಾದಾ, ಯಾನಗಿ ಇವರ ಒಡನಾಟ ಪಡೆದರು. ಮರಳಿ ಬಂದು, ಮುಂದೆ ದೆಹಲಿಯಲ್ಲಿ ‘ಡೆಲ್ಲಿ ಬ್ಲೂ’ ಕುಂಬಾರಶಾಲೆಯನ್ನು ಕಟ್ಟಿದರು. 1971ರಲ್ಲಿ ಪಾಂಡಿಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಕುಂಬಾರಶಾಲೆಯಲ್ಲಿಯೂ ಅನೇಕರು ತರಬೇತಿ ಪಡೆದರು.

ಆದರೆ ಸ್ಟುಡಿಯೊ ಕುಂಬಾರರ ಈ ವಿದ್ಯೆಯ ತಾಯಿಬೇರು ಹಳ್ಳಿಯ ಕುಂಬಾರನ ಅಂಗಳದಲ್ಲಿದೆ. ಸ್ಟೀಲು ಮತ್ತು ಪ್ಲಾಸ್ಟಿಕ್ ಪಾತ್ರೆಗಳು ಬಂದ ಮೇಲೆ ವಂಶಪಾರಂಪರ್ಯವಾಗಿ ತಿಗುರಿ ತಿರುಗಿಸುತ್ತಿದ್ದ ಎಷ್ಟೋ ಕುಟುಂಬಗಳು ಆ ಕಾಯಕವನ್ನು ತೊರೆಯಬೇಕಾಯಿತು. ನಗರದ ಪ್ರದರ್ಶನದಲ್ಲಿರುವ ಬಟ್ಟಲಿಗೆ ಸಲ್ಲುವ ಗೌರವ, ಸಂತೆಯಲ್ಲಿ ಮಾರುವ ಮಡಕೆಗೆ ಸಲ್ಲುವುದಿಲ್ಲ. ಎರಡನ್ನೂ ರೂಪಿಸಿದುದು ಅದೇ ಮಣ್ಣು, ಅದೇ ಬೆಂಕಿ, ಅದೇ ಬಗೆಯ ಕೈ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದು ಕನ್ನಡದ ಗಾದೆ ಹೇಳುತ್ತದೆ. ಹಮಾದಾ ಸೌಟಿನಿಂದ ಮೆರುಗನ್ನು ಸುರಿದು ಕೆಲವೇ ಕ್ಷಣಗಳಲ್ಲಿ ತಟ್ಟೆಯನ್ನು ಅಲಂಕರಿಸುತ್ತಿದ್ದರು. ಇಷ್ಟು ಕಡಮೆ ಸಮಯ ಸಾಕೇ ಎಂದು ಕೇಳಿದವರಿಗೆ, ಆ ಕ್ಷಣಗಳ ಜೊತೆಗೆ ಅರವತ್ತು ವರ್ಷಗಳನ್ನೂ ಸೇರಿಸಿಕೊಳ್ಳಬೇಕೆಂಬ ಅರ್ಥದ ಉತ್ತರ ದೊರೆಯಿತಂತೆ. ಮಡಕೆಯೊಂದು ಒಡೆದರೆ ಮತ್ತೊಂದನ್ನು ಮಾಡಬಹುದು. ಅದನ್ನು ಮಾಡಬಲ್ಲ ಕೈಗಳು ಆ ವಿದ್ಯೆಯನ್ನು ಮರೆತರೆ, ಅದನ್ನು ಮತ್ತೆ ಪಡೆಯಲು ಒಂದು ತಲೆಮಾರೂ ಸಾಲದು.