ಹೋಟೆಲಿನ ನೀರು, ಬೈರಮಂಗಲದ ಕೆರೆ

ಬೆಂಗಳೂರಿನ ತೊಡಕಿನ ನಿವೇಶನದಲ್ಲಿ ಐಷಾರಾಮಿ ಹೋಟೆಲನ್ನು ವಿನ್ಯಾಸಗೊಳಿಸುವುದು ಸುಲಭವಲ್ಲ. ಮೆಜೆಸ್ಟಿಕ್ ಸುತ್ತಲಿನ ತಗ್ಗನ್ನೇ ನೋಡಿ: ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಇಂಥಲ್ಲಿ ನೆಲಮಾಳಿಗೆಗೆ ನೀರು ನುಗ್ಗದಂತೆ, ಕೊಠಡಿಗೆ ಸದ್ದು ಮುಟ್ಟದಂತೆ ಕಟ್ಟುವುದು ವಾಸ್ತುಶಿಲ್ಪಿಗೆ ಸವಾಲೇ ಸರಿ. ಆದರೆ ಬಳಸಿಬಿಟ್ಟ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ನಿವೇಶನದ ಗಡಿಯಲ್ಲೇ ನಿಂತುಬಿಡುತ್ತದೆ.

ಅದಕ್ಕೆ ಉತ್ತರ ಬಿಡದಿ ಬಳಿಯ ಬೈರಮಂಗಲದಲ್ಲಿದೆ ಎಂಬುದು ನನ್ನ ವಾದ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಇಲ್ಲಿನ ಜಲಾಶಯಕ್ಕೆ ವೃಷಭಾವತಿ ಹೊತ್ತು ತಂದದ್ದು ನಗರದ ಕೊಳಚೆಯನ್ನು, ಕೈಗಾರಿಕೆಗಳ ತ್ಯಾಜ್ಯವನ್ನು. ರೈತ ನೊರೆನೀರನ್ನೇ ಗದ್ದೆಗೆ ಹಾಯಿಸಬೇಕಾಯಿತು. ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ನಗರ ತರಿಸಿಕೊಂಡ ನೀರು ಹೀಗೆ ಕೊಳೆಯಾಗಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೇ ಮರಳುತ್ತದೆ.

ಇದಕ್ಕೆ ಹೋಟೆಲುಗಳಷ್ಟೇ ಹೊಣೆಯಲ್ಲ, ನಿಜ. ಆದರೆ ಅತಿಥಿಗೆ ಈಜುಕೊಳ, ಸ್ನಾನದ ತೊಟ್ಟಿ ಒದಗಿಸುವವರು ನಕ್ಷೆಯ ಮೊದಲ ಗೆರೆಯಲ್ಲೇ ಶುದ್ಧೀಕರಣ ಘಟಕಕ್ಕೂ ಜಾಗ ಬಿಡಬೇಕು. ಸಂಸ್ಕರಿಸಿದ ನೀರನ್ನು ಶೌಚಾಲಯಕ್ಕೆ, ತೋಟಕ್ಕೆ ಒಯ್ಯುವ ಪ್ರತ್ಯೇಕ ಕೊಳವೆಗಳನ್ನು ಕಟ್ಟುವಾಗಲೇ ಹಾಕುವುದು ಸುಲಭ. ಆಮೇಲಾದರೆ ಗೋಡೆ ಒಡೆಯಬೇಕು. ಕಟ್ಟಡ ಚೆಂದವೇ ಎಂಬುದನ್ನು ಅತಿಥಿ ಹೇಳಲಿ. ಅದು ಹೊಣೆಯರಿತು ಕಟ್ಟಿದ್ದೇ ಎಂಬುದನ್ನು ಬೈರಮಂಗಲದ ರೈತ ಹೇಳಬೇಕು.